‘ನೋಟೆಡ್ ಸರ್’ ಎನ್ನುವಷ್ಟರಲ್ಲಿ ಹೋದ ಸಾಲು

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಗುಡ್ ಮಾರ್ನಿಂಗ್ ಟೀಮ್’. ಅದಕ್ಕೆ ಸಾಲು ಸಾಲು ಕೈಮುಗಿದ ಎಮೋಜಿ. ರಾತ್ರಿ ಹತ್ತಕ್ಕೆ ಮ್ಯಾನೇಜರ್ ಹಾಕಿದ ಸಂದೇಶಕ್ಕೆ ‘ನೋಟೆಡ್ ಸರ್’ ಎನ್ನದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ನಡುವೆ, ಕಂಪನಿಯ ಪೋಸ್ಟನ್ನು ಲಿಂಕ್ಡ್‌ಇನ್‌ನಲ್ಲಿ ಎಲ್ಲರೂ ಲೈಕ್ ಮಾಡಿ ಎಂಬ ಒತ್ತಾಯ ಬೇರೆ. ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಹೆಬ್ಬೆರಳೆತ್ತುವುದನ್ನೇ.

ನನ್ನದು ಜಾಹೀರಾತಿಗೆ ಸಾಲು ಬರೆಯುವ ಕೆಲಸ. ಕಾಲೇಜಿನ ದಿನಗಳಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಸಾಕು, ಏನಾದರೊಂದು ಹೊಳೆಯುತ್ತಿತ್ತು. ಈಗಲೂ ಕಿಟಕಿ ಪಕ್ಕವೇ ಕೂರುತ್ತೇನೆ, ಕಣ್ಣು ಮಾತ್ರ ಮೊಬೈಲಿನಲ್ಲಿ. ಕಳೆದ ತಿಂಗಳು ಒಂದು ಸಾಲು ಅರ್ಧ ಹೊಳೆದಿತ್ತು. ಅಷ್ಟರಲ್ಲಿ ಗ್ರೂಪಿನಲ್ಲಿ ಯಾರದೋ ಹುಟ್ಟುಹಬ್ಬ. ಶುಭಾಶಯ ಕಳಿಸಿ ಬರುವಷ್ಟರಲ್ಲಿ ಆ ಸಾಲು ಹೋಗಿತ್ತು. ಕೊನೆಗೆ ಹಳೆಯದೊಂದನ್ನೇ ತಿರುಗಿಸಿ ಕೊಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ನನಗೆ ಹೆಚ್ಚು ಚುಚ್ಚಿದ್ದು ಅದೇ.

ಇದು ಸೋಮಾರಿಯ ನೆಪವಲ್ಲ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಜಿಗಿದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲೇ ತೋರಿಸಿದ್ದಾರೆ. ಉತ್ತರ ಬರೆಯಲು ಅರ್ಧ ನಿಮಿಷ ಸಾಕು. ಬಿಟ್ಟುಹೋದ ಯೋಚನೆಯ ಎಳೆ ಹಿಡಿಯಲು ಅರ್ಧ ನಿಮಿಷ ಸಾಲದು.

‘ಮ್ಯೂಟ್ ಮಾಡಿಕೊಳ್ಳಪ್ಪಾ’ ಎನ್ನುತ್ತಾರೆ ಹಿರಿಯರು. ಪ್ರೊಬೇಷನ್‌ನಲ್ಲಿರುವವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ನೀಲಿ ಟಿಕ್ ಬಿದ್ದ ಮೇಲೂ ಸುಮ್ಮನಿದ್ದರೆ ಉಡಾಫೆ ಎಂಬ ಹೆಸರು ಬರುತ್ತದೆ. ಹಾಗಾಗಿ ನಿಯಮ ಮೇಲಿನಿಂದಲೇ ಬರಬೇಕು. ಫ್ರಾನ್ಸ್‌ನಲ್ಲಿ 2017ರಿಂದಲೇ, ಕೆಲಸದ ವೇಳೆಯ ನಂತರ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಕಾನೂನಿನ ಬೆಂಬಲವಿದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಬೆಳಗಿನ ಎರಡು ಗಂಟೆ ಗ್ರೂಪಿಗೆ ಬೀಗ ಹಾಕಲಿ. ತುರ್ತಿದ್ದರೆ ಫೋನ್ ಮಾಡಲಿ. ಹಾರೈಕೆ, ಹೊಗಳಿಕೆಗೆ ಬೇರೆಯೇ ಗ್ರೂಪ್ ಇರಲಿ, ಅದಕ್ಕೆ ಸೇರುವುದು ಅವರವರ ಇಷ್ಟ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಉದ್ಯೋಗದ ಜಾಹೀರಾತಿನಲ್ಲಿ ‘ಸೃಜನಶೀಲರು ಬೇಕು’ ಎಂದಿದ್ದರೆ, ಸಂದರ್ಶನದ ಕೊನೆಯಲ್ಲಿ ಸಂಬಳದ ಜೊತೆಗೆ ಇದನ್ನೂ ಕೇಳಿ: ಯಾರಿಗೂ ಉತ್ತರಿಸದೆ ಕೂತು ಯೋಚಿಸಲು ದಿನಕ್ಕೆ ಎಷ್ಟು ಹೊತ್ತು ಕೊಡುತ್ತೀರಿ? ನಾನು ಕೇಳಿರಲಿಲ್ಲ.