ಲಾವಾ ತೋರಿಸುತ್ತೇವೆ ಎನ್ನುವವರನ್ನು ನಂಬಬೇಡಿ

ಹವಾಯಿಯ ಕಿಲವೇಯಾ ಜ್ವಾಲಾಮುಖಿಯ ಅಂಚಿಗೆ ನಾನೂ ನಮ್ಮ ಮನೆಯವರೂ ಹೋಗಿ ನಿಂತಾಗ ಅದು ಬೆಂಕಿ ಉಗುಳುತ್ತಿರಲಿಲ್ಲ. ಅಮೆರಿಕದಲ್ಲಿರುವ ಮಗ ಮಾಡಿಕೊಟ್ಟ ಒಂದು ದಿನದ ಏರ್ಪಾಡು ಅದು. ಬೆಳಗಿನ ವಿಮಾನಕ್ಕೆ ಹೊನೊಲುಲುವಿನಿಂದ ಹಿಲೋ, ಅಲ್ಲಿಂದ ವ್ಯಾನಿನಲ್ಲಿ ಐವತ್ತು ಕಿಲೋಮೀಟರ್ ಏರುದಾರಿ, ರಾತ್ರಿ ವಾಪಸ್. ಕಿಲವೇಯಾದ ಹಲೆಮಾವುಮಾವು ಕುಳಿಯ ತಳವೆಲ್ಲ ಕರ್ರಗೆ ಹೆಪ್ಪುಗಟ್ಟಿತ್ತು. ಒಂದು ಬದಿಯ ಎರಡು ಬಾಯಿಗಳಿಂದ ಬಿಳಿ ಹೊಗೆ ಏಳುತ್ತಿತ್ತು, ಅಷ್ಟೆ. ನಮ್ಮ ವ್ಯಾನಿನಲ್ಲಿದ್ದ ಒಬ್ಬರಿಗೆ ಸಿಟ್ಟು ಬಂತು. ಲಾವಾ ಇಲ್ಲದ ಮೇಲೆ ದುಡ್ಡು ವಾಪಸ್ ಕೊಡಿ ಎಂದು ಚಾಲಕರ ಜೊತೆ ಜಗಳಕ್ಕೇ ನಿಂತರು.

ಆ ಚಾಲಕರು ವ್ಯಾನ್ ಹೊರಡುವ ಮೊದಲೇ ಜ್ವಾಲಾಮುಖಿ ವೀಕ್ಷಣಾಲಯದ ಅವತ್ತಿನ ಪ್ರಕಟಣೆಯನ್ನು ಎಲ್ಲರಿಗೂ ಓದಿ ಹೇಳಿದ್ದರು. ಚಿಮ್ಮುವಿಕೆ ನಿಂತಿದೆ, ಮುಂದಿನದಕ್ಕೆ ಇನ್ನೂ ಕೆಲವು ದಿನ ಬೇಕಾಗಬಹುದು, ಗಂಧಕದ ಹೊಗೆ ಇದೆ, ಉಬ್ಬಸ ಇದ್ದವರು ಹೇಳಿ ಎಂದಿದ್ದರು. ನಲವತ್ತರ ಹತ್ತಿರ ವರ್ಷ ವಿಜಯಪುರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಬೋರ್ಡಿನ ಮೇಲೆ ಜ್ವಾಲಾಮುಖಿಯ ಸೀಳುಚಿತ್ರ ಬರೆದು ಬರೆದು ಕೈ ಪಳಗಿತ್ತು. ಅವತ್ತು ಆ ಚಾಲಕರು ಮಾಡಿದ ಕೆಲಸ ನನ್ನ ಪಾಠಗಳಿಗಿಂತ ದೊಡ್ಡದು ಅನ್ನಿಸಿತು. ಜ್ವಾಲಾಮುಖಿಗೆ ಜನರನ್ನು ಕರೆದೊಯ್ಯುವ ಪ್ರತಿಯೊಬ್ಬರೂ ಟಿಕೆಟ್ಟಿನ ದುಡ್ಡು ಮುಟ್ಟುವ ಮೊದಲು ಅವತ್ತಿನ ಸ್ಥಿತಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಇದು ಸೌಜನ್ಯಕ್ಕೆ ಬಿಟ್ಟ ವಿಷಯ ಆಗಬಾರದು, ಕಾನೂನು ಆಗಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ವೈಟ್ ಐಲ್ಯಾಂಡ್ ಎಂದೂ ಅದನ್ನು ಕರೆಯುತ್ತಾರೆ. ಅಲ್ಲಿನದೂ ಒಂದು ದಿನದ ಪ್ರವಾಸವೇ ಆಗಿತ್ತು. ದೋಣಿಯಲ್ಲಿ ಹೋಗಿ, ಕುಳಿಯೊಳಗೇ ನಡೆದಾಡಿ, ಸಂಜೆಗೆ ಮರಳುವುದಾಗಿತ್ತು. 2019ರ ಡಿಸೆಂಬರ್ 9ರ ಮಧ್ಯಾಹ್ನ 2 ಗಂಟೆ 11 ನಿಮಿಷಕ್ಕೆ ಅಲ್ಲಿನ ಜ್ವಾಲಾಮುಖಿ ಸಿಡಿದಾಗ ದ್ವೀಪದ ಮೇಲೆ 47 ಜನ ಇದ್ದರು. 22 ಜನ ಸತ್ತರು. ಉಳಿದವರಲ್ಲಿ ಹೆಚ್ಚಿನವರು ಸುಟ್ಟ ಗಾಯಗಳೊಂದಿಗೆ ಬದುಕಿದ್ದಾರೆ. ಮಧುಚಂದ್ರಕ್ಕೆ ಬಂದಿದ್ದ ದಂಪತಿಯೂ ಗಾಯಗೊಂಡವರಲ್ಲಿ ಇದ್ದರು.

ಸಿಡಿಯುವ ಮೂರು ವಾರ ಮೊದಲೇ, ನವೆಂಬರ್ 18ರಂದು, ಅಲ್ಲಿನ ವಿಜ್ಞಾನಿಗಳು ಎಚ್ಚರಿಕೆಯ ಮಟ್ಟವನ್ನು 1ರಿಂದ 2ಕ್ಕೆ ಏರಿಸಿದ್ದರು. 5ರವರೆಗೆ ಇರುವ ಅಳತೆಯಲ್ಲಿ 2 ಎಂದರೆ ಸಣ್ಣದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲಿ 3 ಎಂದರೆ ಸ್ಫೋಟ ಶುರುವಾಯಿತು ಎಂದೇ ಅರ್ಥ. ಹಾಗಾಗಿ ಸ್ಫೋಟಕ್ಕೆ ಮೊದಲಿನ ಕಟ್ಟಕಡೆಯ ಮೆಟ್ಟಿಲು 2. ಇದನ್ನು ದೋಣಿ ಹತ್ತುವವರಿಗೆ ಬಿಡಿಸಿ ಹೇಳಿದ್ದರೆ ಎಷ್ಟು ಜನ ಹತ್ತುತ್ತಿದ್ದರು? 2024ರಲ್ಲಿ ಅಲ್ಲಿನ ನ್ಯಾಯಾಲಯ ಪ್ರವಾಸ ಕಂಪನಿಗಳೂ ದ್ವೀಪದ ಒಡೆತನದ ಕಂಪನಿಯೂ ಸಂತ್ರಸ್ತರಿಗೆ ಪರಿಹಾರ ಕೊಡಬೇಕೆಂದಿತು. ಮರುವರ್ಷ ಒಡೆತನದ ಕಂಪನಿಯ ಮೇಲಿನ ತೀರ್ಪನ್ನು ಹೈಕೋರ್ಟ್ ರದ್ದು ಮಾಡಿತು. ಹೊಣೆ ಯಾರದೆಂದು ತೀರ್ಮಾನಿಸಲು ಇಷ್ಟು ವರ್ಷ ಹಿಡಿಯಿತು. ಹೊಣೆಯನ್ನು ಮೊದಲೇ ಸ್ಪಷ್ಟವಾಗಿ ಬರೆದಿಡಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ಮಾತು. ವಕಾರಿಯಲ್ಲಿ ಜನರನ್ನು ಕೊಂದದ್ದು ಕೆಂಪು ಲಾವಾ ಅಲ್ಲ. ನೆಲದೊಳಗೆ ಸಿಕ್ಕಿಕೊಂಡಿದ್ದ ಕುದಿನೀರು ಒಮ್ಮೆಗೇ ಹಬೆಯಾಗಿ, ಬೂದಿ ಕಲ್ಲುಗಳನ್ನು ಎತ್ತಿಕೊಂಡು ಹೊರಬಿತ್ತು. ಇಂಥ ಸ್ಫೋಟ ಮುನ್ಸೂಚನೆ ಕೊಡುವುದೇ ಕಡಿಮೆ. ಬೆಂಕಿ ಕಾಣಿಸಿದರೆ ಮಾತ್ರ ಅಪಾಯ, ಬರೀ ಹೊಗೆಯಾದರೆ ಹತ್ತಿರ ಹೋಗಬಹುದು ಎಂಬ ನಮ್ಮ ಎಣಿಕೆ ಪೂರಾ ತಪ್ಪು.

ಇತ್ತ ಕಿಲವೇಯಾದ ಮೇಲೆ ಕಣ್ಣಿಟ್ಟವರು 1912ರಿಂದಲೂ ಇದ್ದಾರೆ. ಥಾಮಸ್ ಜ್ಯಾಗರ್ ಎಂಬ ವಿಜ್ಞಾನಿ ಆ ವರ್ಷ ಅಲ್ಲಿ ವೀಕ್ಷಣಾಲಯ ಕಟ್ಟಿದರು. 2024ರ ಡಿಸೆಂಬರ್ 23ರಂದು ಶುರುವಾದ ಈ ಸರದಿಯಲ್ಲಿ ಲಾವಾ ಬಿಟ್ಟುಬಿಟ್ಟು ಚಿಮ್ಮುತ್ತಿದೆ, ಕೆಲವು ಸಲ 300 ಮೀಟರ್ ದಾಟಿ. ಕೆಲವು ತಾಸು ಚಿಮ್ಮಿ, ಮತ್ತೆ ದಿನಗಟ್ಟಲೆ ಸುಮ್ಮನಿರುತ್ತದೆ. ಒಳಗೆ ಶಿಲಾರಸ ತುಂಬುತ್ತ ಬಂದಂತೆ ನೆಲ ಉಬ್ಬುತ್ತದೆ, ಚಿಮ್ಮಿದ ಕೂಡಲೇ ಇಳಿಯುತ್ತದೆ. ಆ ಉಬ್ಬರವನ್ನು ಟಿಲ್ಟ್‌ಮೀಟರ್ ಎಂಬ ಉಪಕರಣದಲ್ಲಿ ಅಳೆದು ಮುಂದಿನ ಚಿಮ್ಮುವಿಕೆ ಯಾವಾಗ ಎಂದು ಅಂದಾಜು ಹೇಳುತ್ತಾರೆ. ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಓದಬಹುದು, ಕ್ಯಾಮೆರಾದಲ್ಲಿ ಕುಳಿಯನ್ನು ನೋಡಬಹುದು. ಬಿಡಿಗಾಸು ಕೊಡಬೇಕಿಲ್ಲ.

ಇಷ್ಟಿದ್ದೂ ಜನ ಎಚ್ಚರ ತಪ್ಪುತ್ತಾರೆ, ಬೇಲಿ ದಾಟುತ್ತಾರೆ. 2024ರ ಕ್ರಿಸ್‌ಮಸ್ ದಿನ ಒಂದು ಪುಟ್ಟ ಮಗು ಮನೆಯವರ ಕೈ ತಪ್ಪಿ ನಾನೂರು ಅಡಿ ಪ್ರಪಾತದ ಅಂಚಿನತ್ತ ಓಡಿತ್ತು, ತಾಯಿ ಕೊನೇ ಗಳಿಗೆಯಲ್ಲಿ ಹಿಡಿದಳು ಎಂದು ಕಿಲವೇಯಾ ಇರುವ ರಾಷ್ಟ್ರೀಯ ಉದ್ಯಾನದವರೇ ಪ್ರಕಟಿಸಿದರು. ಲಾವಾ ನೋಡುವ ಆತುರದಲ್ಲಿ ಕಾಲ ಕೆಳಗಿನ ನೆಲ ಮರೆತುಹೋಗುತ್ತದೆ. ದುಡ್ಡು ಕೊಟ್ಟಿದ್ದೇನೆ, ತೋರಿಸು ಎಂಬ ಹಟ ಬೆಳೆದಷ್ಟೂ, ಇನ್ನೂ ನಾಲ್ಕು ಹೆಜ್ಜೆ ಮುಂದೆ ಕರೆದೊಯ್ಯುವವನು ಹುಟ್ಟಿಕೊಳ್ಳುತ್ತಾನೆ. ಆ ಹಟವನ್ನು ನಾವು, ಪ್ರವಾಸಿಗರೇ, ಬಿಡಬೇಕು.

ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಅವತ್ತು ನಾವು ಕಂಡದ್ದನ್ನು ಹೇಳುತ್ತೇನೆ. ಮಳೆನೀರು ಬಿಸಿ ಬಂಡೆಗೆ ತಾಗಿ ಹಬೆಯಾಗಿ ಬರುವ ಬಿರುಕುಗಳ ಮುಂದೆ ನಿಂತು, ಆ ಚಳಿಯಲ್ಲಿ ಮುಖ ಕಾಯಿಸಿಕೊಂಡೆವು. ಕಿಲವೇಯಾ ಇಕಿ ಎಂಬ ಪಕ್ಕದ ಕುಳಿಯನ್ನು ಮೇಲಿನಿಂದ ನೋಡಿದೆವು. 1959ರಲ್ಲಿ ಅಲ್ಲಿ ಲಾವಾ 580 ಮೀಟರ್ ಎತ್ತರ ಚಿಮ್ಮಿತ್ತು. ಈಗ ಅದರ ತಳದಲ್ಲಿ ಜನ ನಡೆಯುತ್ತಾರೆ, ಬಿರುಕುಗಳಲ್ಲಿ ಓಹಿಯಾ ಗಿಡಗಳು ಕೆಂಪು ಹೂ ಬಿಟ್ಟಿವೆ. ಹೊಸ ಲಾವಾದ ಮೇಲೆ ಮೊದಮೊದಲು ಬೇರೂರುವ ಮರ ಅದು. ಅಲ್ಲಿನ ಮೂಲ ಜನರಿಗೆ ಆ ಜಾಗವೆಲ್ಲ ಪೆಲೆ ದೇವಿಯ ಮನೆ. ಕಟ್ಟೆಯ ಮೇಲೆ ಕೂತು ಚಿಪ್ಸ್ ತಿನ್ನುತ್ತಿದ್ದವರ ನಡುವೆ ಒಬ್ಬ ಅಜ್ಜಿ ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದರು.

ನಮ್ಮ ಮನೆಯವರು ಡೋಣಿ ಹೊಳೆಯ ದಂಡೆಯ ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬೆಳೆದವರು. ಕಟಾಂಜನ ಹಿಡಿದು ಕೆಳಗೆ ನೋಡುತ್ತ, "ಇದು ಮಣ್ಣಾಗಿ ಬಿತ್ತಾಕ ಬರಬೇಕಂದ್ರ ಎಷ್ಟ ವರ್ಷ ಬೇಕ?" ಎಂದು ಕೇಳಿದರು. ನಮ್ಮ ಎರಿಮಣ್ಣಿನ ತಾಯಿಕಲ್ಲೂ ಲಾವಾನೇ, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ನೆಲ ಸೀಳಿ ಹರಿದದ್ದು ಎಂದೆ. "ಹಂಗಾರ ನಾವು ಇದರ ಮ್ಯಾಲೇ ರೊಟ್ಟಿ ತಿಂದಂಗಾತಲ್ಲ" ಎಂದು ಮತ್ತೆ ಕೆಳಗೆ ಬಗ್ಗಿ ನೋಡಿದರು. ಶಾಲೆಯಲ್ಲಿ ಯಾವ ಮಗುವೂ ಕೇಳದ ಪ್ರಶ್ನೆಯನ್ನು ಅವರು ಕೇಳಿದ್ದು ಲಾವಾ ಚಿಮ್ಮದ ದಿನ.

ಭಾರತದಲ್ಲೂ ಒಂದು ಜೀವಂತ ಜ್ವಾಲಾಮುಖಿ ಇದೆ, ಅಂಡಮಾನಿನ ಬ್ಯಾರನ್ ದ್ವೀಪ. ಬಹುಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದ ಅದು 2025ರ ಸೆಪ್ಟೆಂಬರಿನಲ್ಲೂ ಉಗುಳಿದೆ. ಪ್ರವಾಸಿಗರು ಅಲ್ಲಿ ಇಳಿಯುವಂತಿಲ್ಲ, ಹಡಗಿನಿಂದಲೇ ನೋಡಬೇಕು. ಅಂಡಮಾನಿಗೆ ಹೋಗುವ ನಮ್ಮವರ ಸಂಖ್ಯೆ ಹೆಚ್ಚಿದಂತೆ, ಇಳಿಸಿ ತೋರಿಸಿ ಎಂಬ ಒತ್ತಾಯವೂ ಒಂದು ದಿನ ಬಂದೇ ಬರುತ್ತದೆ. ಸರ್ಕಾರ ಅದಕ್ಕೆ ಮಣಿಯಬಾರದು. ಹಡಗಿನ ಟಿಕೆಟ್ ಕೊಡುವ ಕಿಟಕಿಯಲ್ಲೇ ಅವತ್ತಿನ ದ್ವೀಪದ ಸ್ಥಿತಿಯನ್ನು ಬರೆದು ಹಾಕಬೇಕು, ಅದನ್ನು ಓದಿ ಬೇಡವೆಂದವರಿಗೆ ಪೂರ್ತಿ ಹಣ ಮರಳಿಸಬೇಕು. ಹೊಗೆ ಮಾತ್ರ ಕಂಡಿತು ಎಂದು ಬಂದರದಲ್ಲಿ ಜಗಳ ತೆಗೆಯುವವರಿಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ.