‘ಇದ್ದರೆ’ಯ ಪಕ್ಕದಲ್ಲಿ ‘ಮಾತ್ರ’ವನ್ನು ತಂದಿಟ್ಟವರು ಯಾರು?



‘ಇದ್ದರೆ’ ಎಂಬುದು ಒಂದು ಮಾತು. ‘ಇದ್ದರೆ ಮಾತ್ರ’ ಎಂಬುದು ಬೇರೆಯೇ ಒಂದು ಮಾತು. ಇವೆರಡರ ನಡುವಣ ಸಂದಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಸಾವಿರಾರು ಸಂಸಾರಗಳ ನೆಲ ಕಾಣೆಯಾಗಿದೆ. ಅಣೆಕಟ್ಟಿನ ನೀರಿನಲ್ಲಿ ಅವರು ಮುಳುಗಿದ್ದು ಒಂದೇ ಸಲ. ಕಚೇರಿಯ ತರ್ಕದಲ್ಲಿ ಅರವತ್ತು ವರ್ಷಗಳಿಂದಲೂ ಮುಳುಗುತ್ತಲೇ ಇದ್ದಾರೆ.

ಹಕ್ಕುಪತ್ರ ಇದ್ದರೆ ಭೂಮಿ ನಿನ್ನದು. ಒಳ್ಳೆಯದು, ಇದನ್ನು ಯಾರೂ ಅಲ್ಲಗಳೆಯರು. ಆದರೆ ಮೇಜಿನ ಆಚೆ ಕುಳಿತ ಮಹಾಶಯರು ಅದೇ ಉಸಿರಿನಲ್ಲಿ ಹೇಳುವುದೇನು? ನಿನ್ನಲ್ಲಿ ಹಕ್ಕುಪತ್ರ ಇಲ್ಲ, ಆದ್ದರಿಂದ ಭೂಮಿ ನಿನ್ನದಲ್ಲ! ಮೊದಲ ಮಾತಿನ ಹೊಟ್ಟೆಯಲ್ಲಿ ಈ ಎರಡನೆಯ ಮಾತು ಎಲ್ಲಿತ್ತು?

ಮಾಸ್ತಿಕಟ್ಟೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಹಾಗಾದರೆ ಮಳೆಯಿಲ್ಲದ ದಿನ ಅಂಗಳ ಒದ್ದೆಯಾಗುವುದೇ ಇಲ್ಲವೇ? ಬೆಳಗಿನಲ್ಲಿ ಹೆಂಗಸರು ಸಗಣಿನೀರು ಹಾಕಿದರೂ ಒದ್ದೆ, ಇಬ್ಬನಿ ಸುರಿದರೂ ಒದ್ದೆ. ಆದ್ದರಿಂದ ‘ಮಳೆ ಬಂದಿಲ್ಲ, ಅಂಗಳ ಒಣಗಿಯೇ ಇರಬೇಕು’ ಎಂಬುದು ತಪ್ಪು. ‘ಅಂಗಳ ಒದ್ದೆಯಾಗಿದೆ, ಮಳೆ ಬಂದೇ ಇರಬೇಕು’ ಎಂಬುದೂ ಅಷ್ಟೇ ತಪ್ಪು. ‘ಅಂಗಳ ಒಣಗಿದೆ, ಹಾಗಾದರೆ ಮಳೆ ಬಂದಿಲ್ಲ’ ಎಂಬುದೊಂದು ಸರಿ. ‘ಇದ್ದರೆ’ಯನ್ನು ಹಿಂದುಮುಂದಾಗಿ ತಿರುಗಿಸುವ ರೀತಿ ಮೂರು; ಅವುಗಳಲ್ಲಿ ನ್ಯಾಯವಾದದ್ದು ಒಂದೇ. ಉಳಿದ ಎರಡರ ಮೇಲೆಯೇ ನಮ್ಮ ಆಡಳಿತವು ನಡೆಯುತ್ತಿದೆ.

ಇದು ಪರದೇಶದಿಂದ ಬಂದ ವಿದ್ಯೆಯಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದ ನಮ್ಮ ನ್ಯಾಯಶಾಸ್ತ್ರದವರೇ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂದು ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದರು. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡು ಎಂದರು, ಬೆಂಕಿಯಿದೆ, ಹೊಗೆಯಿಲ್ಲ. ಸೌದೆ ಹಸಿಯಾಗಿದ್ದರೆ ತಾನೇ ಹೊಗೆ? (ಮಳೆಗಾಲದಲ್ಲಿ ಮಲೆನಾಡಿನ ಒಲೆ ಊದುವ ತಾಯಂದಿರಿಗೆ ಇದನ್ನು ಯಾವ ಶಾಸ್ತ್ರಿಯೂ ಕಲಿಸಬೇಕಾಗಿಲ್ಲ.) ಕಾರಣದ ವೇಷ ಹಾಕಿಕೊಂಡು ಬರುವ ಸುಳ್ಳು ಕಾರಣಕ್ಕೆ ಹೇತ್ವಾಭಾಸವೆಂದು ಹೆಸರಿಟ್ಟರು. ಇಂದು ಅದಕ್ಕೆ ಕಚೇರಿಯ ಮೊಹರೂ ಬೀಳುತ್ತದೆ.

ಗಿರಣಿಯ ಗೆಳೆಯರು ಇದನ್ನು ಬಲ್ಲರು. ‘ಲಾಭ ಬಂದರೆ ಬೋನಸ್ಸು ಕೊಡುತ್ತೇವೆ’ ಎನ್ನುತ್ತಾರೆ ಧಣಿಗಳು. ವರ್ಷದ ಕೊನೆಗೆ ‘ಲಾಭವಿಲ್ಲ, ಆದ್ದರಿಂದ ಬೋನಸ್ಸಿಲ್ಲ’. ಮತ್ತೆ ಅದೇ ಕೈಚಳಕ! 1965ರ ಬೋನಸ್ ಕಾಯ್ದೆಯು ಲಾಭವಿರಲಿ, ಇಲ್ಲದಿರಲಿ, ಕನಿಷ್ಠ ಶೇಕಡಾ 8.33ರಷ್ಟು ಕೊಡಲೇಬೇಕೆಂದು ಹೇಳಿತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸಂಬಳದ ಮಿತಿ, ಹೊಸ ಉದ್ಯಮಗಳ ವಿನಾಯಿತಿ ಮೊದಲಾದ ಷರತ್ತುಗಳುಂಟು, ನಿಜ. ಆದರೆ ‘ಲಾಭವಿದ್ದರೆ ಮಾತ್ರ’ ಎಂಬ ಷರತ್ತು ಅಲ್ಲಿಲ್ಲ. ಅದು ಧಣಿಗಳ ಜೇಬಿನಿಂದ ಬಂದದ್ದು. ಜೇಬಿನಿಂದ ಅವರು ಹೊರತೆಗೆಯುವುದು ಅದೊಂದನ್ನೇ.

ಈಗ ನೆಲದ ಮಾತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯಿತು. ಶರಾವತಿಯ ಕಣಿವೆಯ ಜನರನ್ನು ಎಬ್ಬಿಸಿ ತಂದು ಜಿಲ್ಲೆಯ ಕಾಡುಗಳ ಅಂಚಿನಲ್ಲಿ ಇಳಿಸಿದರು. ಹೊಸನಗರ ತಾಲ್ಲೂಕೊಂದೇ ಲಿಂಗನಮಕ್ಕಿಯ ಹಿನ್ನೀರಿಗೂ, ಚಕ್ರಾ, ಸಾವೇಹಕ್ಲು, ಮಾಣಿ ಕಟ್ಟೆಗಳಿಗೂ ನೆಲ ಕೊಟ್ಟಿದೆ. ಮುಳುಗಿಸಲು ಬಂದ ನೀರು ಯಾರ ಹತ್ತಿರವೂ ಪಟ್ಟೆ ಕೇಳಲಿಲ್ಲ. ಕೇಳುತ್ತಿರುವುದು ಈಗ, ಮೊಮ್ಮಕ್ಕಳ ಹತ್ತಿರ.

ಕೇಳುವ ರೀತಿಯನ್ನು ನೋಡಿ. ಒತ್ತುವರಿದಾರನ ಬಳಿ ಪತ್ರವಿರುವುದಿಲ್ಲ. ನಿನ್ನ ಬಳಿಯೂ ಪತ್ರವಿಲ್ಲ. ಆದ್ದರಿಂದ ನೀನು ಒತ್ತುವರಿದಾರ. ಈ ಲೆಕ್ಕದಲ್ಲಿ ಕಳ್ಳನಿಗೆ ಎರಡು ಕಾಲು, ಮಂತ್ರಿಮಹೋದಯರಿಗೂ ಎರಡು ಕಾಲು. ಮುಂದಿನದನ್ನು ಓದುಗರೇ ಪೂರೈಸಿಕೊಳ್ಳಲಿ. ಪತ್ರ ಬರೆದುಕೊಡಬೇಕಾಗಿದ್ದವರು ಬರೆದುಕೊಡದಿದ್ದರೂ ಪತ್ರವಿರುವುದಿಲ್ಲ ಎಂಬುದು ಅವರ ತಲೆಗೆ ಹೊಳೆಯುವುದೇ ಇಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯನ್ನು ತೆಗೆದುಕೊಳ್ಳಿ. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕಿದ್ದರೆ ಹಕ್ಕುಂಟು. ಎಂದರೆ 1930ರಿಂದ. ಲಿಂಗನಮಕ್ಕಿಗಾಗಿ ಒಕ್ಕಲೆಬ್ಬಿಸಿ ತಂದು ಬಿಟ್ಟವನು ಆ ಕಾಡಿನಲ್ಲಿ 1930ರಿಂದ ಇದ್ದೆನೆಂದು ಎಲ್ಲಿಂದ ತೋರಿಸಿಯಾನು? ಆಗ ಅವನ ಅಜ್ಜನ ಮನೆ ಇದ್ದದ್ದು ಈಗಿನ ಹಿನ್ನೀರಿನ ತಳದಲ್ಲಿ! ಇರಲಿ, ಆ ಕಾಯ್ದೆಯ ಮಟ್ಟಿಗೆ ‘ಮಾತ್ರ’ ಉಂಟೆಂದೇ ಒಪ್ಪೋಣ. ಆ ಬಾಗಿಲು ಮುಚ್ಚಿದೆ ಎಂದಮಾತ್ರಕ್ಕೆ ಮನೆಯ ಎಲ್ಲ ಬಾಗಿಲೂ ಮುಚ್ಚಿವೆಯೆಂದು ಹೇಗೆ ಹೇಳುತ್ತೀರಿ? ಸರ್ಕಾರವು ಈ ಜನರನ್ನು ತಂದು ನೆಲೆಗೊಳಿಸಿದ್ದು ಆ ಕಾಯ್ದೆ ಹುಟ್ಟುವ ನಾಲ್ವತ್ತು ವರ್ಷಗಳ ಮೊದಲು. ಅವರ ಹಕ್ಕು ನಿಂತಿರುವುದು ಆ ಮಾತಿನ ಮೇಲೆ.

1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಕಥೆ ಇನ್ನೂ ಸೊಗಸು. ಅರಣ್ಯ ಭೂಮಿಯನ್ನು ಬಿಡಬೇಕಾದರೆ ರಾಜ್ಯವು ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು. ಇಲ್ಲಿ ‘ಮಾತ್ರ’ ನಿಜವಾಗಿಯೂ ಇದೆ. ಯಾರ ಕೈ ಕಟ್ಟಲು? ರಾಜ್ಯ ಸರ್ಕಾರದ ಕೈ ಕಟ್ಟಲು. ಒಪ್ಪಿಗೆಯಿಲ್ಲದೆಯೇ ಸಂತ್ರಸ್ತರ ಹೆಸರಿನಲ್ಲಿ ಆದೇಶಗಳನ್ನು ಹೊರಡಿಸಿದರು. ಚುನಾವಣೆಗಳಲ್ಲಿ ಅವನ್ನು ಓದಿ ಹೇಳಿದರು. 2021ರಲ್ಲಿ ಹೈಕೋರ್ಟು ಅವನ್ನು ರದ್ದುಪಡಿಸಿತು. ದೋಷವಿದ್ದದ್ದು ಆದೇಶದಲ್ಲಿ. ಆದರೆ ದಂಡ ಬಿದ್ದದ್ದು ಒಕ್ಕಲಿನ ಮೇಲೆ. ಪುರೋಹಿತರು ಮಂತ್ರ ತಪ್ಪಿದರೆ ಮದುಮಗಳನ್ನು ಮನೆಯಿಂದ ಅಟ್ಟುವ ನ್ಯಾಯವಿದು.

ಇದನ್ನು ಕೇಳಹೊರಟರೆ ಒಂದು ಸಿದ್ಧ ಉತ್ತರವಿದೆ: ‘ನಿಮ್ಮ ಮನೆಯಲ್ಲಿ ಕರೆಂಟು ಉರಿಯುವುದಿಲ್ಲವೋ? ಒಂದೋ ನಾಡಿಗೆ ಬೆಳಕು, ಇಲ್ಲವೋ ನಿಮ್ಮ ಗದ್ದೆ.’ ಶರಾವತಿಯ ವಿದ್ಯುದಾಗಾರ 1,035 ಮೆಗಾವಾಟ್ ಸಾಮರ್ಥ್ಯದ್ದು. ಮಾಸ್ತಿಕಟ್ಟೆಯ ಬಳಿಯ ಮಾಣಿಯಲ್ಲಿ ತಡೆದ ವಾರಾಹಿಯ ನೀರು ಘಟ್ಟದ ಕೆಳಗೆ ಹೊಸಂಗಡಿಯ ಭೂಗರ್ಭದಲ್ಲಿ 1989ರಿಂದ ಯಂತ್ರ ತಿರುಗಿಸುತ್ತಿದೆ. ಬೆಳಕು ಬೇಡವೆಂದವರು ಯಾರು? ಬೆಳಕೂ ಬೇಕು, ಹಕ್ಕುಪತ್ರವೂ ಬೇಕು. ಹಕ್ಕುಪತ್ರಕ್ಕೆ ಸಹಿ ಹಾಕಿದೊಡನೆ ಲಿಂಗನಮಕ್ಕಿಯ ನೀರು ಇಂಗಿಹೋಗುವುದೇ? ಎರಡೇ ದಾರಿಯೆಂದು ಹೆದರಿಸುವವನು ಮೂರನೆಯ ದಾರಿಗೆ ಬೇಲಿ ಹಾಕಿ ಬಂದವನು.

ನಮ್ಮ ಕಾರ್ಯಕರ್ತರಿಗೂ ಒಂದು ಮಾತು. ಬಡವನು ಹೇಳಿದ್ದರಿಂದಲೇ ವಾದ ಸರಿಯಾಗುವುದಿಲ್ಲ, ಅಧಿಕಾರಿ ಹೇಳಿದ್ದರಿಂದಲೇ ತಪ್ಪೂ ಆಗುವುದಿಲ್ಲ. ಸಂತ್ರಸ್ತರ ಹೆಸರು ಹೇಳಿಕೊಂಡು ಬೇಲಿ ಸರಿಸುವ ದೊಡ್ಡ ತೋಟದವರೂ ಇದ್ದಾರೆ. ಅವರ ವಕಾಲತ್ತು ನಮಗೆ ಬೇಡ.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಯ ಮೋಸದ ವಿರುದ್ಧ. ಅಂದು ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಹೋರಾಡಿದ್ದು ಕಣದಲ್ಲಿಟ್ಟ ಕೊಳಗದ ಮೇಲೆ. ಲೋಹಿಯಾರವರೂ ಬಂದು ಸೆರೆಯಾದರು. ಇಂದಿನ ಕೊಳಗವು ಮಾತಿನಲ್ಲಿದೆ. ನೆಲ ಪಡೆಯುವಾಗ ‘ಯೋಜನೆಗೆ ಬೇಕಾದರೆ’ ಸಾಕು, ಕೊಡುವಾಗ ‘ಇದ್ದರೆ ಮಾತ್ರ’.

ಆದ್ದರಿಂದ ಅರ್ಜಿ ತಿರಸ್ಕೃತವಾದವರು ಬಾಯಿಮಾತಿನ ಉತ್ತರ ಪಡೆದು ಹಿಂತಿರುಗಬಾರದು. ಹಿಂಬರಹ ಕೇಳಿ ಪಡೆಯಿರಿ. ಅದರಲ್ಲಿ ಯಾವ ಕಾಯ್ದೆ, ಯಾವ ಕಲಮು ಎಂದು ಬರೆಸಿರಿ. ಆ ಕಲಮಿನಲ್ಲಿ ‘ಮಾತ್ರ’ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಹೇಳಿರಿ. ಅದರ ನಕಲನ್ನು ತಾಲ್ಲೂಕು ಪಕ್ಷದ ಕಚೇರಿಗೆ ತಲುಪಿಸಿರಿ. ಬಂದವುಗಳನ್ನೆಲ್ಲ ಒಟ್ಟುಗೂಡಿಸಿ ಜಿಲ್ಲಾಧಿಕಾರಿಗಳ ಮುಂದೆ ಒಂದೊಂದಾಗಿ ಓದಲಾಗುವುದು.