ಸಭೆಯಲ್ಲಿ ಎದ್ದ ಪ್ರಶ್ನೆ

ಕೌರವರ ದ್ಯೂತಸಭೆಯಲ್ಲಿ ದ್ರೌಪದಿಯು ಮೊದಲು ಬೇಡಿದ್ದು ಕರುಣೆಯನ್ನಲ್ಲ, ಒಂದು ಪ್ರಶ್ನೆಗೆ ಉತ್ತರವನ್ನು. ತನ್ನನ್ನೇ ತಾನು ಸೋತ ಧರ್ಮರಾಯನಿಗೆ ಆಮೇಲೆ ಮಡದಿಯನ್ನು ಪಣವಾಗಿ ಒಡ್ಡುವ ಅಧಿಕಾರ ಉಳಿದಿತ್ತೇ ಎಂಬುದೇ ಆ ಪ್ರಶ್ನೆ. ಭೀಷ್ಮನು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಜಾರಿಕೊಂಡನು. ದ್ರೋಣ, ಕೃಪರು ಬಾಯಿ ತೆರೆಯಲಿಲ್ಲ. ಇದು ಅಧರ್ಮವೆಂದು ನುಡಿದವರು ವಿದುರನೂ ಧೃತರಾಷ್ಟ್ರನ ಮಕ್ಕಳಲ್ಲೇ ಒಬ್ಬನಾದ ವಿಕರ್ಣನೂ ಮಾತ್ರ. ವಿಕರ್ಣನನ್ನು ಕರ್ಣನು ಹುಡುಗನೆಂದು ಗದರಿಸಿ ಕೂರಿಸಿದನು. ಸುಮ್ಮನಿದ್ದ ಹಿರಿಯರೆಲ್ಲ ಆ ಅನ್ಯಾಯವನ್ನು ಮೆಚ್ಚಿದ್ದರೆಂದು ಯಾರೂ ಹೇಳಲಾರರು. ಆದರೆ ಸೀರೆಗೆ ಕೈಹಾಕಿದ ದುಶ್ಶಾಸನನಿಗೆ ಅವರ ಮೆಚ್ಚುಗೆ ಬೇಕಾಗಿರಲಿಲ್ಲ. ಅವರ ಮೌನವೇ ಸಾಕಾಗಿತ್ತು.

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಹೆಣ್ಣು ನೋಡುವ ಶಾಸ್ತ್ರದಲ್ಲಿ ಬಳಕೆಯಾಗುತ್ತ ಬಂದಿದೆ. ಅಲ್ಲಿಯೂ ಅದು ಎಷ್ಟರಮಟ್ಟಿಗೆ ನ್ಯಾಯವೆಂಬುದು ಬೇರೆಯೇ ಪ್ರಶ್ನೆ. ಆ ಮಾತನ್ನು ನಿಜವಾಗಿ ನೆಚ್ಚಿಕೊಂಡಿರುವವರು ಅಧಿಕಾರದಲ್ಲಿರುವವರು. ಊರ ಉಸಾಬರಿ ನಮಗೇಕೆ, ರಾಜಕೀಯ ದೊಡ್ಡವರ ವಿಷಯ ಎಂದು ಸುಮ್ಮನಾಗುವ ಗೃಹಸ್ಥನು ತಾನು ಯಾವ ಪಕ್ಷಕ್ಕೂ ಸೇರದೆ ನಡುವೆ ನಿಂತಿರುವೆನೆಂದು ಭಾವಿಸುತ್ತಾನೆ. ಆಳುವವರ ಲೆಕ್ಕದ ಪುಸ್ತಕದಲ್ಲಿ ಆ ನಡುವಿನ ಜಾಗವೇ ಇಲ್ಲ. ಬೇಡವೆಂದು ಹೇಳದವರೆಲ್ಲರ ಹೆಸರು ಅಲ್ಲಿ ಒಪ್ಪಿದವರ ಸಾಲಿಗೇ ಸೇರುತ್ತದೆ.

ಇಂಥ ಸಭೆಗಳು ಪುರಾಣಕಾಲಕ್ಕೇ ಮುಗಿದುಹೋಗಲಿಲ್ಲ. 1975ರ ಜೂನ್ 25ರ ರಾತ್ರಿ ಭಾರತದಲ್ಲಿ ಆಂತರಿಕ ಕ್ಷೋಭೆಯ ಕಾರಣವನ್ನು ಮುಂದುಮಾಡಿ ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ವಿರೋಧಪಕ್ಷಗಳ ನಾಯಕರು ಸೆರೆಯಾದರು. ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಲ್ಲಿಯೇ ಬಂಧಿಸಲಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಿತು. ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗವನ್ನು ಬರಿದಾಗಿ ಬಿಟ್ಟು ಪ್ರತಿಭಟಿಸಿದವು. ಬಹುಪಾಲು ಪತ್ರಿಕೆಗಳು ಅಪ್ಪಣೆಯಾದಷ್ಟನ್ನು ಅಚ್ಚುಹಾಕಿದವು. ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿವೆ, ಕಚೇರಿಗಳಲ್ಲಿ ಗುಮಾಸ್ತರು ಕುರ್ಚಿಯಲ್ಲಿ ಕಾಣಿಸುತ್ತಿದ್ದಾರೆ ಎಂದು ಎಷ್ಟೋ ಮಂದಿ ವಿದ್ಯಾವಂತರು ಸಮಾಧಾನ ತಂದುಕೊಂಡರು. 21 ತಿಂಗಳ ಆ ಅವಧಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೆರೆಮನೆ ಕಂಡರು.

ಸೆರೆಯಲ್ಲಿದ್ದವರಿಗೆ ಉಳಿದಿದ್ದ ಬಾಗಿಲು ನ್ಯಾಯಾಲಯವೊಂದೇ. ಬಂಧಿಸಿದವನನ್ನು ನ್ಯಾಯಾಧೀಶರ ಮುಂದೆ ತಂದು ಬಂಧನಕ್ಕೆ ಕಾರಣವನ್ನು ತಿಳಿಸಬೇಕೆಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕರ್ನಾಟಕವೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ವಿಚಾರಣೆಗೆ ಅರ್ಹವೆಂದು ಎತ್ತಿಹಿಡಿದವು. ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಜಬಲ್ಪುರ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯನ್ನು ಐವರು ನ್ಯಾಯಮೂರ್ತಿಗಳು ಕೇಳಿದರು. ಅವರಲ್ಲಿ ಒಬ್ಬರಾದ ಎಚ್. ಆರ್. ಖನ್ನಾ ಅವರು ಸರ್ಕಾರದ ಪರವಾಗಿ ವಾದಿಸುತ್ತಿದ್ದ ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ನೇರವಾದ ಪ್ರಶ್ನೆ ಹಾಕಿದರು. ಪೋಲೀಸ್ ಅಧಿಕಾರಿಯೊಬ್ಬನು ಸ್ವಂತ ಹಗೆಯಿಂದ ಒಬ್ಬ ಮನುಷ್ಯನನ್ನು ಕೊಂದರೆ, ತುರ್ತು ಪರಿಸ್ಥಿತಿ ಇರುವತನಕ ಅದಕ್ಕೆ ನ್ಯಾಯಾಲಯದಲ್ಲಿ ಪರಿಹಾರವಿದೆಯೇ? ತಮ್ಮ ವಾದದ ಪ್ರಕಾರ ಇಲ್ಲ ಎಂದು ಉತ್ತರ ಬಂದಿತು. ಅಷ್ಟು ದೊಡ್ಡ ಮಾತನ್ನು ಕೇಳಿದ ಮೇಲೂ, ಮಾನವ ಹಕ್ಕುಗಳ ಬಗೆಗೆ ಎಂದೂ ಗಟ್ಟಿಯಾಗಿ ಮಾತಾಡುತ್ತಿದ್ದ ಕೆಲವು ಸಹೋದ್ಯೋಗಿಗಳು ನಾಲಿಗೆ ಕಟ್ಟಿದವರಂತೆ ಕುಳಿತಿದ್ದರೆಂದೂ ಆ ಮೌನವು ತಮಗೆ ಅಪಶಕುನದಂತೆ ಕಂಡಿತೆಂದೂ ಖನ್ನಾ ಅವರು ಮುಂದೆ ಆತ್ಮಕಥೆಯಲ್ಲಿ ಬರೆದರು.

ಅಪಶಕುನ ನಿಜವಾಯಿತು. 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಪರವಾಗಿಯೂ ಖನ್ನಾ ಒಬ್ಬರೇ ವಿರುದ್ಧವಾಗಿಯೂ ತೀರ್ಪು ಕೊಟ್ಟರು. ಬಾಗಿಲು ಮುಚ್ಚಿತು. ಅದರ ಪರಿಣಾಮ ಬಿದ್ದದ್ದು ಆ ಸಭಾಂಗಣದಲ್ಲಿ ಇಲ್ಲದವರ ಮೇಲೆ. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು ಮರುತಿಂಗಳು, ಅಂದರೆ ಮೇ ತಿಂಗಳಲ್ಲಿ, ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಅವರಿಗೆ ತೀವ್ರವಾದ ಉಬ್ಬಸವಿದ್ದಿತು. ತಮ್ಮನ್ನು ಏಕೆ ಹಿಡಿದಿಟ್ಟಿದ್ದೀರೆಂದು ಕೇಳಲು ಅವರಿಗೆ ನ್ಯಾಯಾಲಯವೇ ಇರಲಿಲ್ಲ. ಸುಮಾರು ಎಂಟು ತಿಂಗಳ ಮೇಲೆ, 1977ರ ಜನವರಿಯಲ್ಲಿ ಅವರನ್ನು ಹೊರಗೆ ಬಿಡಲಾಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಉತ್ತರ ಭಾರತದ ಊರುಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ಮುಟ್ಟಿಸಲು ನಡೆದ ಬಲಾತ್ಕಾರವೂ ಇದೇ ಕಾಲದ್ದು. ಆ ಒಂದು ವರ್ಷದಲ್ಲಿ ದೇಶದಲ್ಲಿ ನಡೆದ ಶಸ್ತ್ರಚಿಕಿತ್ಸೆಗಳು 80 ಲಕ್ಷವನ್ನು ಮೀರಿದವು. ಪತ್ರಿಕೆಗಳು ಬರೆಯುವಂತಿರಲಿಲ್ಲವಾದ್ದರಿಂದ ಪಕ್ಕದ ಜಿಲ್ಲೆಯ ಗೋಳು ಈ ಜಿಲ್ಲೆಗೆ ತಿಳಿಯಲಿಲ್ಲ. ಆಳುವವರಿಗೂ ನಿಜ ತಿಳಿಯುವ ದಾರಿ ಹಾಗೆಯೇ ಮುಚ್ಚಿಹೋಗಿತ್ತು. 1977ರ ಮಾರ್ಚಿನ ಚುನಾವಣೆಯಲ್ಲಿ ಪ್ರಧಾನಮಂತ್ರಿಗಳೇ ರಾಯಬರೇಲಿಯಲ್ಲಿ ಸೋತರು. ಬಾಯಿ ಮುಚ್ಚಿಸಿದವನ ಕಿವಿಯೂ ಮುಚ್ಚುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಎಲ್ಲರ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ದಿನಗೂಲಿಯನ್ನು ನಂಬಿ ಬದುಕುವವನು, ಮಾತಾಡಿದರೆ ಸಂಜೆಯ ಅನ್ನವೇ ಹೋಗುವವನು ಹೆದರಿ ಸುಮ್ಮನಿದ್ದರೆ ಅವನನ್ನು ದೂರುವ ಹಕ್ಕು ಬೆಚ್ಚಗೆ ಕುಳಿತವರಿಗೆ ಇಲ್ಲ. ವಿಷಯವನ್ನು ಅರಿಯದೆ ಕೂಗಾಡುವುದಕ್ಕಿಂತ ತಿಳಿಯುವತನಕ ಮೌನವಾಗಿರುವುದೇ ಮೇಲು. ಇಲ್ಲಿನ ಆಕ್ಷೇಪವೆಲ್ಲ ಮಾತಾಡುವುದೇ ಕೆಲಸವಾಗಿದ್ದೂ ಮಾತಾಡದವರನ್ನು ಕುರಿತದ್ದು. ನ್ಯಾಯಪೀಠ, ಪತ್ರಿಕೆ, ವಿದ್ಯಾಪೀಠ, ಶಾಸನಸಭೆಗಳಲ್ಲಿ ಕುಳಿತವರಿಗೆ ಸಮಾಜವು ಎತ್ತರದ ಆಸನವನ್ನು ಕೊಟ್ಟಿರುವುದು ಕೆಳಗಿರುವವರಿಗೆ ಕಾಣದ್ದನ್ನು ಅವರು ಕಂಡು ಹೇಳಲೆಂದು. ಭೀಷ್ಮನ ಮೌನವೂ ಬಾಗಿಲು ಕಾಯುವವನ ಮೌನವೂ ಹೇಗೆ ಒಂದೇ ಆದೀತು?

ಖನ್ನಾ ಅವರ ಮಾತಿನಿಂದ ಆ ದಿನ ಒಬ್ಬ ಬಂದಿಯೂ ಹೊರಬರಲಿಲ್ಲವೆಂಬುದು ನಿಜ. ಆ ತೀರ್ಪಿಗಾಗಿ ತಾವು ಮುಖ್ಯ ನ್ಯಾಯಮೂರ್ತಿಯ ಪದವಿಯನ್ನೇ ತೆರಬೇಕಾಗುವುದೆಂದು ಅವರು ಮೊದಲೇ ತಮ್ಮ ಸೋದರಿಗೆ ಹೇಳಿದ್ದರು. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದ ಎಂ. ಎಚ್. ಬೇಗ್ ಅವರಿಗೆ ಆ ಪದವಿ ದೊರೆಯಿತು. ಖನ್ನಾ ರಾಜೀನಾಮೆ ಕೊಟ್ಟರು. ಆದರೆ ಬರೆದದ್ದು ಬರಹದಲ್ಲಿ ಉಳಿಯಿತು. ಯಾವ ತುರ್ತಿನಲ್ಲಿಯೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ರಕ್ಷಣೆಯನ್ನು ಅಮಾನತಿನಲ್ಲಿಡಬಾರದೆಂದು 1978ರ 44ನೆಯ ತಿದ್ದುಪಡಿಯು ಸಂವಿಧಾನದಲ್ಲಿ ಸೇರಿಸಿತು. ಅನಂತರವೂ ಹಳೆಯ ತೀರ್ಪು ಪುಸ್ತಕದಲ್ಲಿ ಹಾಗೆಯೇ ಕುಳಿತಿತ್ತು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದರು. ಅದರಿಂದ ಎದ್ದ ಖಾಸಗಿತನದ ಹಕ್ಕಿನ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಉತ್ತರ ಕೊಟ್ಟಾಗ, ಜಬಲ್ಪುರದ ತೀರ್ಪನ್ನು ತಪ್ಪೆಂದು ಸಾರಿ ರದ್ದುಗೊಳಿಸಲಾಯಿತು. ಖನ್ನಾ ಅವರ ಒಂಟಿ ಅಭಿಪ್ರಾಯವೇ ಸರಿಯೆಂದಾಯಿತು. ಹಾಗೆ ಬರೆದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರು 1976ರ ಆ ನಾಲ್ವರಲ್ಲಿ ಒಬ್ಬರಾದ ವೈ. ವಿ. ಚಂದ್ರಚೂಡ್ ಅವರ ಮಗ. ಖನ್ನಾ ತೀರಿಕೊಂಡು ಆಗಲೇ ಒಂಬತ್ತು ವರ್ಷಗಳಾಗಿದ್ದವು.